ಆಟ ನೋಡಿ ಗೊತ್ತಿದ್ದವರು ‘ಲಿಬುಶೆ’ ಒಪೆರಾ ನೋಡುವ ಕ್ರಮ

ರಾತ್ರಿಯಿಡೀ ಯಕ್ಷಗಾನದ ಆಟ ನೋಡುವ ಕುಂಬಳೆ, ಬದಿಯಡ್ಕ ಕಡೆಯವರಿಗೆ ಎರಡೂವರೆ ಗಂಟೆ ಮೀರಿದ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ದೊಡ್ಡ ವಿಷಯ ಅಲ್ಲ. ಆದರೂ ‘ಲಿಬುಶೆ’ಯನ್ನು ಸುಮ್ನೆ ಹಾಕಿ ಕೂತರೆ ಬೇಗ ಆಕಳಿಕೆ ಬರುತ್ತದೆ. ನನ್ನ ಭಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅವರನ್ನು ಕೂರಿಸಿ ತೋರಿಸಿದ ಕ್ರಮ ಇದು.

ಮೊದಲು ಸಬ್‌ಟೈಟಲ್ ಇರುವ ವಿಡಿಯೊ ಹುಡುಕಿ. ಹಾಡುವುದು ಚೆಕ್ ಭಾಷೆಯಲ್ಲಿ.

ಆಮೇಲೆ ಇದನ್ನು ಬರೆದದ್ದು ಯಾಕೆ ಅಂತ ತಿಳಿದುಕೊಳ್ಳಿ. ಕಥೆಗಿಂತ ಅದೇ ಜಾಸ್ತಿ ಸ್ವಾರಸ್ಯ. ಚೆಕ್ಕರೂ ಜರ್ಮನರೂ ಯಹೂದಿಗಳೂ ಇದ್ದ ಪ್ರಾಗ್ ಆಗ ವಿಯೆನ್ನಾದ ಆಳ್ವಿಕೆಯಲ್ಲಿತ್ತು. ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಪ್ರಾಗ್‌ಗೆ ಬಂದು ಚೆಕ್ಕರ ನಾಡಾದ ಬೊಹೀಮಿಯಾದ ರಾಜನಾಗಿ ಕಿರೀಟ ಇಟ್ಟುಕೊಳ್ಳುತ್ತಾನೆ, ಆಗ ಆಡಿಸಬಹುದು ಎಂದು ಚೆಕ್ ಸಂಗೀತಕಾರ ಬೆದ್ರಿಖ್ ಸ್ಮೆತಾನಾ 1872ರಲ್ಲಿ ಇದನ್ನು ಮುಗಿಸಿದ. ಪಟ್ಟಾಭಿಷೇಕ ಆಗಲೇ ಇಲ್ಲ! ಒಪೆರಾ ಕಾಯುತ್ತಾ ಕೂತಿತು. ಕೊನೆಗೆ 1881ರ ಜೂನ್ 11ರಂದು, ಜನರ ವಂತಿಗೆಯಿಂದ ಎದ್ದ ರಾಷ್ಟ್ರೀಯ ರಂಗಮಂದಿರದಲ್ಲಿ, ಯುವರಾಜ ರುಡಾಲ್ಫನ ಎದುರು ರಂಗಕ್ಕೆ ಬಂತು. ಅಷ್ಟರಲ್ಲಿ ಸ್ಮೆತಾನಾನಿಗೆ ಕಿವಿ ಪೂರ್ತಿ ಹೋಗಿತ್ತು. ಆಗಸ್ಟ್‌ನಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ಜನ ಮತ್ತೆ ದುಡ್ಡು ಕೂಡಿಸಿದರು. 1883ರಲ್ಲಿ ಬಾಗಿಲು ತೆರೆದಾಗಲೂ ಇದೇ ಒಪೆರಾ.

ಶುರುವಿನ ಕಹಳೆಯನ್ನು ಓಡಿಸಬೇಡಿ. ಒಡ್ಡೋಲಗಕ್ಕೆ ಮೊದಲು ಚೆಂಡೆ ಏರುವ ಹಾಗೆಯೇ ಅದು. ಚೆಕ್ ಅಧ್ಯಕ್ಷರ ಸಮಾರಂಭಗಳಲ್ಲಿ ಈಗಲೂ ಅದನ್ನೇ ಊದುತ್ತಾರೆ.

ಮೊದಲ ಅಂಕದ ನ್ಯಾಯತೀರ್ಮಾನಕ್ಕೆ ಪೂರ್ತಿ ಗಮನ ಕೊಡಿ. ಅಣ್ಣ ಖ್ರುದೋಶ್, ತಮ್ಮ ಶ್ತ್ಯಾಹ್ಲಾವ್, ಅಪ್ಪನ ಆಸ್ತಿಯ ಜಗಳ. ಜರ್ಮನರ ಪದ್ಧತಿಯಂತೆ ಎಲ್ಲವೂ ಹಿರಿಯನಾದ ತನಗೇ ಎನ್ನುತ್ತಾನೆ ಖ್ರುದೋಶ್. “ಅದು ಯಾವ ಊರಿನ ನ್ಯಾಯ ಮಾರಾಯ?” ಎಂದರು ಭಾವ. ರಾಣಿ ಲಿಬುಶೆಯೂ ಒಪ್ಪುವುದಿಲ್ಲ: ಒಟ್ಟಿಗೆ ನೋಡಿಕೊಳ್ಳಿ, ಇಲ್ಲ ಸಮ ಪಾಲು ಮಾಡಿ. ಹೆಂಗಸಿನ ತೀರ್ಪು ಬೇಡ ಎಂದು ಅವನು ರೇಗುತ್ತಾನೆ. ಜರ್ಮನ್ ಮಾತಾಡುವ ವಿಯೆನ್ನಾದ ದೊರೆಗೆಂದು ಕಟ್ಟಿದ ಆಟದಲ್ಲೇ ಜರ್ಮನರ ಪದ್ಧತಿಗೆ ಈ ಚುಚ್ಚು ಇದೆ, ನೋಡಿ. ತಮಾಷೆ ಅಂದರೆ, ಸಾಹಿತ್ಯವನ್ನು ವೆಂಜಿಗ್ ಮೊದಲು ಬರೆದದ್ದು ಜರ್ಮನ್‌ನಲ್ಲೇ! ಇನ್ನೊಬ್ಬರು ಅದನ್ನು ಚೆಕ್‌ಗೆ ತಂದರು.

ಭಾವನ ತಕರಾರು ಬೇರೆ: “ಖ್ರುದೋಶನಿಗೆ ಇನ್ನೂ ಹತ್ತು ನಿಮಿಷ ಮಾತು ಬೇಕಿತ್ತು.”

ಎರಡನೇ ಅಂಕವನ್ನು ಮೊದಲ ಸಲ ಅರ್ಧಂಬರ್ಧ ನೋಡಿದರೂ ಸಾಕು. ಉಳುವ ಪ್ರ್ಜೆಮಿಸ್ಲನನ್ನು ರಾಣಿಗೆ ವರನಾಗಿ ಕರೆಯಲು ಬರುವ ಜಾಗ ಮಾತ್ರ ಬಿಡಬೇಡಿ.

ಮೂರನೆಯದರ ಕೊನೆಗೆ ಲಿಬುಶೆ ನಾಡಿನ ಮುಂದಿನ ಕಾಲವನ್ನು ಕಂಡು ಹಾಡುತ್ತಾಳೆ. ಅಲ್ಲಿ ಹುಸ್ಸೈಟ್ ಯೋಧರ, ಅಂದರೆ ಚೆಕ್ ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳ, ಹಳೆಯ ಹಾಡಿನ ಧಾಟಿ ಬರುತ್ತದೆ. ಅದು ಹಿಡಿಸಿದರೆ ಮರುದಿನ ಸ್ಮೆತಾನಾನದೇ ‘ತಾಬೊರ್’ ಹಾಕಿ. ಅದೇ ಧಾಟಿ, ಬರೀ ವಾದ್ಯಗಳಲ್ಲಿ.