ಪೂತನೆಗೆ ಒಂದು ಗಂಟೆಯಾದರೂ ಬೇಕು

ನಾನು ನಂಗ್ಯಾರ್ ಕೂತ್ತು ಮಾಡುತ್ತೇನೆ ಅಂದರೆ ನಮ್ಮ ಕಾಸರಗೋಡಿನವರೇ "ಕಥಕ್ಕಳಿಯಾ?" ಅಂತ ಕೇಳುತ್ತಾರೆ. ಅಲ್ಲ. ಸಂಸ್ಕೃತ ನಾಟಕಗಳನ್ನು ಆಡುವ ಕೂಡಿಯಾಟ್ಟಂ ಕಥಕ್ಕಳಿಗಿಂತ ಎಷ್ಟೋ ಹಳೆಯದು. ಅದರಲ್ಲಿ ಹೆಂಗಸೊಬ್ಬಳೇ ನಿಂತು ಆಡುವ ಭಾಗ ನಂಗ್ಯಾರ್ ಕೂತ್ತು. ಹಿಂದೆ ಚಾಕ್ಯಾರ್, ನಂಗ್ಯಾರ್ ಮನೆತನದವರು ಮಾತ್ರ ದೇವಸ್ಥಾನದ ಕೂತ್ತಂಬಲದಲ್ಲಿ, ಅಂದರೆ ಅಲ್ಲಿನ ರಂಗಮಂಟಪದಲ್ಲಿ, ಆಡುತ್ತಿದ್ದರು. 1965ರಲ್ಲಿ ಕೇರಳ ಕಲಾಮಂಡಲದಲ್ಲಿ ಪೈಂಕುಳಂ ರಾಮ ಚಾಕ್ಯಾರರು ಕಲಿಸತೊಡಗಿದ ಮೇಲೆ ಬೇರೆಯವರಿಗೂ ದಾರಿಯಾಯಿತು. ನನ್ನಂಥವಳು ಕಲಿತದ್ದು ಹಾಗೆ.

ನಾನು ಹೆಚ್ಚಾಗಿ ಆಡುವುದು ಶ್ರೀಕೃಷ್ಣಚರಿತದ ಪೂತನೆಯ ಭಾಗ. ಕುಲಶೇಖರವರ್ಮನ 'ಸುಭದ್ರಾಧನಂಜಯ' ನಾಟಕದಲ್ಲಿ ಸುಭದ್ರೆಯ ದಾಸಿಯೊಬ್ಬಳು ಬರುತ್ತಾಳೆ. ಅವಳು ಹಿಂದಿನದನ್ನು ನೆನೆಯುವ ನೆಪದಲ್ಲಿ ಕೃಷ್ಣನ ಕತೆಯೆಲ್ಲ ಬಿಚ್ಚಿಕೊಳ್ಳುತ್ತದೆ, 217 ಶ್ಲೋಕಗಳಲ್ಲಿ. ಅದೇ ಶ್ರೀಕೃಷ್ಣಚರಿತ.

ಕಾರ್ಯಕ್ರಮಕ್ಕೆ ಕರೆಯುವವರು "ಇಪ್ಪತ್ತು ನಿಮಿಷ ಸಾಕು" ಅಂತಾರೆ. ಕತ್ತರಿಸುವುದಕ್ಕೆ ನನ್ನ ತಕರಾರಿಲ್ಲ. ಗೋಕುಲದ ವರ್ಣನೆ, ಗೋಪಿಯರ ಮೊಸರು ಕಡೆಯುವಿಕೆ, ಇವನ್ನು ಚಿಕ್ಕದು ಮಾಡುತ್ತೇನೆ. ಆದರೆ ಪೂತನೆ ಮಗುವನ್ನು ನೋಡಿದ ಮೇಲಿನ ಭಾಗ ಮುಟ್ಟುವುದಿಲ್ಲ. ಕೊಲ್ಲಲು ಬಂದವಳು ಆ ಮುಖ ನೋಡಿ ಕರಗುತ್ತಾಳೆ. ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಕಂಸನ ನೆನಪಾಗುತ್ತದೆ, ಮತ್ತೆ ಗಟ್ಟಿಯಾಗುತ್ತಾಳೆ. ಈ ಹೊಯ್ದಾಟ ಕಣ್ಣಿನಲ್ಲೇ ಆಗಬೇಕು. ಯಕ್ಷಗಾನ ನೋಡಿ ಬೆಳೆದ ನನಗೆ ಮೊದಮೊದಲು ಭಾಗವತರ ಪದವೂ ಇಲ್ಲದೆ, ಅರ್ಥವೂ ಇಲ್ಲದೆ ಬಾಯಿ ಕಟ್ಟಿದ ಹಾಗಾಗುತ್ತಿತ್ತು. ಇಲ್ಲಿ ಅಭಿನಯ ಮುಗಿದ ಮೇಲಷ್ಟೇ ಪಕ್ಕದಲ್ಲಿ ತಾಳ ಹಿಡಿದು ಕೂತವಳು ಶ್ಲೋಕ ಹೇಳುತ್ತಾಳೆ.

ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ಕಣ್ಣಿಗೆ ತುಪ್ಪ ಹಚ್ಚಿ ಅಭ್ಯಾಸ. ಮೇಲೆ, ಕೆಳಗೆ, ಸುತ್ತ, ಮೊದಲು ನಿಧಾನ, ಆಮೇಲೆ ವೇಗ. ಆಟದ ದಿನ ಬದನೆ ಜಾತಿಯ ಗಿಡವೊಂದರ ಹೂವಿನ ಬುಡದ ಎಳೆ ಬೀಜ ತಿಕ್ಕಿ ರೆಪ್ಪೆಯೊಳಗೆ ಇಟ್ಟರೆ ಕಣ್ಣು ಕೆಂಪಾಗುತ್ತದೆ. ಉರಿಯುವುದಿಲ್ಲ, ನೋಡಿದವರಿಗೇ ಗಾಬರಿ ಜಾಸ್ತಿ!

ಕಷ್ಟವಿರುವುದು ಸಾವಿನಲ್ಲಿ. ಮಗು ಹಾಲಿನ ಜೊತೆ ಪ್ರಾಣವನ್ನೂ ಎಳೆಯುತ್ತಿದೆ. ಮಗುವೂ ನಾನೇ, ಪೂತನೆಯೂ ನಾನೇ, ವೇಷ ಬದಲಾಗುವುದಿಲ್ಲ. ಅರಚುವುದು ಸುಲಭ, ಆದರೆ ಗುರುಗಳು ಬಿಡಲಿಲ್ಲ. ಉಸಿರನ್ನು ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಒಯ್ದು ಅಲ್ಲೇ ತಡೆಯುವುದನ್ನು ಕಲಿಸಿದರು. ಆಗ ಮಿಳಾವು ಎಂಬ ದೊಡ್ಡ ಮಡಕೆಯಾಕಾರದ ಚರ್ಮವಾದ್ಯ ನುಡಿಸುವವರ ಕಣ್ಣು ನನ್ನ ಕಣ್ಣಿನ ಮೇಲೇ ಇರುತ್ತದೆ. ನಾನು ತಡೆದರೆ ಅವರೂ ತಡೆಯುತ್ತಾರೆ. ಹಾಗಾಗಿ ಧ್ವನಿಮುದ್ರಿಕೆ ಹಾಕಿ ಆಡಲು ನಾನು ಒಪ್ಪುವುದಿಲ್ಲ, ಖರ್ಚು ಎಷ್ಟೇ ಉಳಿಯಲಿ.

ಈಗ ಆಟಕ್ಕೆ ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡುತ್ತೇನೆ. ಮಗು, ವಿಷ, ಕಂಸ, ಈ ಕೈಮುದ್ರೆಗಳನ್ನು ತೋರಿಸುತ್ತೇನೆ. ಚಿಕ್ಕ ಹಾಲ್ ಕೇಳುತ್ತೇನೆ. ಹಿಂದಿನ ಸಾಲಿಗೂ ಕಣ್ಣು ಕಾಣಬೇಕಲ್ವಾ? ಇಪ್ಪತ್ತೇ ನಿಮಿಷ ಅಂತ ಹಟ ಹಿಡಿದವರಿಗೆ ಪುರಪ್ಪಾಡು, ಅಂದರೆ ಆರಂಭದ ಪ್ರವೇಶದ ಭಾಗ, ಮಾತ್ರ ಮಾಡಿಕೊಡುತ್ತೇನೆ. ಅದರಲ್ಲಿ ನೃತ್ಯವೇ ಜಾಸ್ತಿ, ಅವರಿಗೂ ಖುಷಿ. ಪೂತನೆಯನ್ನು ಮಾತ್ರ ಆ ಹೊತ್ತಿಗೆ ಕೊಡುವುದಿಲ್ಲ.