ಸಫಾರಿಯಲ್ಲಿ ಮಾತ್ರ ಸುಮ್ಮನಿರುತ್ತಿದ್ದ ‘ಸೇವ್’ ಬಟನ್

ನಮ್ಮ ಮೇಲ್ ಸರ್ವರ್‌ಗೆ ಒಂದು ವೆಬ್ ಅಡ್ಮಿನ್ ಪ್ಯಾನೆಲ್ ಇದೆ. ಮೇಲ್‌ಬಾಕ್ಸ್ ಮಾಡುವುದು, ಏಲಿಯಾಸ್ (ಅದೇ ಮೇಲ್‌ಬಾಕ್ಸ್‌ಗೆ ತಲುಪುವ ಇನ್ನೊಂದು ವಿಳಾಸ) ಸೇರಿಸುವುದು, ಕೋಟಾ (ಜಾಗದ ಮಿತಿ) ಬದಲಿಸುವುದು ಎಲ್ಲ ಅಲ್ಲೇ. ಅದನ್ನು ಅಪ್‌ಡೇಟ್ ಮಾಡಿದ ಮೇಲೆ ಸಹೋದ್ಯೋಗಿಯೊಬ್ಬರು ದೂರು ಹೇಳಿದರು: ಹೊಸ ಮೇಲ್‌ಬಾಕ್ಸ್ ಫಾರಂ ತುಂಬಿ ‘ಸೇವ್’ ಒತ್ತಿದರೆ ಏನೂ ಆಗಲ್ಲ, ಎರರ್ ಕೂಡ ಬರಲ್ಲ. ಅವರದ್ದು ಹಳೆಯ ಮ್ಯಾಕ್, ಸಫಾರಿ 15. ನನ್ನ ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಅದೇ ಫಾರಂ ಸಲೀಸಾಗಿ ಸೇವ್ ಆಗುತ್ತಿತ್ತು.

ಇಂಥ ಹೊತ್ತಲ್ಲಿ ಎಲ್ಲರೂ ಹೇಳುವುದು ‘ಕ್ಯಾಶೆ ಕ್ಲಿಯರ್ ಮಾಡಿ’ ಅಂತ, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಫೈಲುಗಳನ್ನು ಅಳಿಸಿ ಅಂತ. ನನಗೆ ಆ ಸಲಹೆ ಅಷ್ಟಕ್ಕಷ್ಟೇ. ಸಮಸ್ಯೆ ಹೋದರೂ ಕಾರಣ ಗೊತ್ತಾಗುವುದಿಲ್ಲ. ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿದರೆ ಸಾಕು, ಅಲ್ಲಿ ಹಳೆಯ ಕ್ಯಾಶೆ ಬಳಕೆಯಾಗುವುದಿಲ್ಲ. ನೋಡಿದೆವು, ಅಲ್ಲೂ ಅದೇ ಕಥೆ.

ಪೇಜ್ ಒಳಗೆ ಏನಾಗುತ್ತಿದೆ ಅಂತ ತೋರಿಸುವ ಸಾಧನಗಳಿರುವ ಡೆವಲಪ್ ಮೆನು ಸಫಾರಿಯಲ್ಲಿ ತಾನಾಗಿ ಕಾಣಿಸುವುದಿಲ್ಲ, ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಬೇಕು. ಹಾಕಿಸಿ, ನೆಟ್‌ವರ್ಕ್ ಟ್ಯಾಬ್ (ಸರ್ವರ್‌ಗೆ ಹೋಗುವ ರಿಕ್ವೆಸ್ಟುಗಳು ಕಾಣುವ ಜಾಗ) ತೆರೆದಿಟ್ಟು ‘ಸೇವ್’ ಒತ್ತಿಸಿದೆ. ಒಂದು ರಿಕ್ವೆಸ್ಟೂ ಹೊರಡಲಿಲ್ಲ. ಅಂದರೆ ಸರ್ವರ್ ಲಾಗ್ ಕೆದಕುವ ಕೆಲಸವೇ ಇಲ್ಲ, ತೊಂದರೆ ಬ್ರೌಸರ್ ಒಳಗೇ ಇದೆ. ಪೇಜ್ ರೀಲೋಡ್ ಮಾಡಿ ಕೋಡ್‌ನ ಎರರ್‌ಗಳನ್ನು ತೋರಿಸುವ ಕನ್ಸೋಲ್ ನೋಡಿದರೆ ಸಾಲು ಸಾಲು ಕೆಂಪು. ‘ಆ ಫಂಕ್ಷನ್ ಇಲ್ಲ, ಈ ವೇರಿಯಬಲ್ ಇಲ್ಲ’ ಅನ್ನುವವು ಜಾಸ್ತಿ. ಅವು ಮೊದಲ ತಪ್ಪಿನ ಪರಿಣಾಮ ಇರಬಹುದು ಅಂತ ಅವನ್ನೆಲ್ಲ ಬಿಟ್ಟು ಎಲ್ಲಕ್ಕಿಂತ ಮೇಲಿನ ಸಾಲು ಓದಿದೆ: ‘ಇನ್‌ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್’, ಅಂದರೆ ಗ್ರೂಪಿನ ಹೆಸರು ಸರಿಯಿಲ್ಲ.

ಅದು ತೋರಿಸಿದ್ದು ಇಮೇಲ್ ವಿಳಾಸ ಪರೀಕ್ಷಿಸುವ ರೆಜೆಕ್ಸನ್ನು, ಅಂದರೆ ಬರಹ ಒಂದು ಮಾದರಿಗೆ ಹೊಂದುತ್ತದಾ ಅಂತ ನೋಡುವ ಸೂತ್ರವನ್ನು. @ ಚಿಹ್ನೆಗೆ ತಕ್ಷಣ ಮುಂಚೆ ಚುಕ್ಕಿ ಇರಬಾರದು ಅನ್ನಲು ಅದರಲ್ಲಿ (?<! ಬಳಸಿದ್ದರು. ಇದೇ ಲುಕ್‌ಬಿಹೈಂಡ್, ಒಂದು ಜಾಗಕ್ಕಿಂತ ಹಿಂದೆ ಏನಿದೆ ಅಂತ ನೋಡುವ ರೆಜೆಕ್ಸ್ ಸೌಲಭ್ಯ. ಕ್ರೋಮ್‌ಗೆ ಇದು 2017ರಿಂದ ಗೊತ್ತು, ಫೈರ್‌ಫಾಕ್ಸ್‌ಗೆ 2020ರಿಂದ. ಸಫಾರಿಗೆ ಬಂದದ್ದು 2023ರಲ್ಲಿ, 16.4 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದು (?< ಕಂಡ ಕೂಡಲೇ ಗ್ರೂಪಿನ (ರೆಜೆಕ್ಸಿನ ಒಂದು ತುಂಡಿನ) ಹೆಸರು ಬರುತ್ತದೆ ಅಂದುಕೊಳ್ಳುತ್ತದೆ. ಸಿಗುವುದು ಆಶ್ಚರ್ಯಸೂಚಕ!

ಆದರೆ ವಿಳಾಸ ಸರಿಯಾಗಿದ್ದರೂ ಬಟನ್ ಯಾಕೆ ಅಲ್ಲಾಡುತ್ತಿರಲಿಲ್ಲ? ಕೋಡ್‌ನಲ್ಲಿ ನೇರವಾಗಿ ಬರೆದ ರೆಜೆಕ್ಸನ್ನು ಬ್ರೌಸರ್ ಫೈಲ್ ಓದುವಾಗಲೇ ಪರೀಕ್ಷಿಸುತ್ತದೆ. ಅಲ್ಲಿ ತಪ್ಪು ಕಂಡರೆ ಆ ಫೈಲಿನ ಒಂದು ಸಾಲೂ ಓಡುವುದಿಲ್ಲ. ನಮ್ಮ ಪ್ಯಾನೆಲ್‌ನ ಸ್ಕ್ರಿಪ್ಟೆಲ್ಲ ಒಂದೇ ಫೈಲಿನಲ್ಲಿತ್ತು. ಹಾಗಾಗಿ ಏಲಿಯಾಸ್ ಅಳಿಸುವ ಬಟನ್, ಕೋಟಾ ಬದಲಿಸುವ ಬಟನ್ ಎಲ್ಲವೂ ಸತ್ತಿದ್ದವು, ಯಾರೂ ಒತ್ತಿ ನೋಡಿರಲಿಲ್ಲ ಅಷ್ಟೇ.

‘ಕ್ರೋಮ್ ಬಳಸಿ’ ಅಂದುಬಿಡಬಹುದಿತ್ತು, ಅಲ್ವಾ? ಮ್ಯಾಕ್‌ನಲ್ಲಿ ಅದು ನಡೆಯುತ್ತದೆ. ಹಳೆಯ ಐಫೋನ್‌ನಲ್ಲಿ ನಡೆಯುವುದಿಲ್ಲ, ಅಲ್ಲಿ ಕ್ರೋಮ್ ಒಳಗೂ ಓಡುವುದು ಸಫಾರಿಯ ವೆಬ್‌ಕಿಟ್ ಎಂಜಿನ್ನೇ. ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಬ್ರೌಸರ್‌ಗೆ ಅರ್ಥವಾಗುವಂತೆ ಬದಲಿಸುವ ಬೇಬಲ್ ಹಾಕಿದ್ದೂ ಉಪಯೋಗಕ್ಕೆ ಬರಲಿಲ್ಲ. ಅದು ಲುಕ್‌ಬಿಹೈಂಡನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತದೆ.

ರಿಪೇರಿ ಸಣ್ಣದು. ರೆಜೆಕ್ಸ್‌ನಿಂದ ಆ ಭಾಗ ಕಿತ್ತು, ವಿಳಾಸವನ್ನು ಕೊನೆಯ @ ಹತ್ತಿರ ಎರಡು ಮಾಡಿ, ಮೊದಲ ಭಾಗ ಚುಕ್ಕಿಯಿಂದ ಮುಗಿಯುತ್ತದಾ ಅಂತ ಬೇರೆಯಾಗಿ ನೋಡಿದೆ. ಸ್ಕ್ರಿಪ್ಟ್ ವಿಳಾಸದ ಕೊನೆಗೆ ಹೊಸ ಆವೃತ್ತಿ ಸಂಖ್ಯೆ ಹಾಕಿದೆ, ಇಲ್ಲದಿದ್ದರೆ ಹಳೆಯ ಫೈಲೇ ಕ್ಯಾಶೆಯಿಂದ ಬರುತ್ತಿತ್ತು. ಆಮೇಲೆ ಬಿಲ್ಡ್ ಆದ ಫೈಲಿನಲ್ಲಿ (?<! ಮತ್ತು (?<= ಎರಡೂ ಬಗೆಯ ಲುಕ್‌ಬಿಹೈಂಡನ್ನು ಹುಡುಕಿದೆ. ಇನ್ನೊಂದು ಸಿಕ್ಕಿತು, ನಾವು ಬರೆಯದ ಒಂದು ಲೈಬ್ರರಿಯೊಳಗೆ. ಅದರ ಹಿಂದಿನ ಆವೃತ್ತಿಗೆ ಇಳಿದ ಮೇಲೆಯೇ ಸಫಾರಿ 15ರಲ್ಲಿ ಬಟನ್ ಒತ್ತಿದರೆ ರಿಕ್ವೆಸ್ಟ್ ಹೊರಟಿತು.