ಗಾಳಿ ಮರದ ಕೊಂಬೆಗೆ ದೀಪ ಕಟ್ಟಿದ ಬಗೆ

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಮರವೆಂದರೆ ಗಾಳಿ ಮರದ, ಅಂದರೆ ಸರ್ವೆ ಮರದ, ಕೊಂಬೆ. ಪ್ಲಾಸ್ಟಿಕ್ ಮರಗಳು ಅಂಗಡಿಗೆ ಬಂದು ಎಷ್ಟೋ ವರ್ಷಗಳಾದರೂ ನಾವು ಈ ರೂಢಿಯನ್ನು ಬಿಟ್ಟಿಲ್ಲ. ಡಿಸೆಂಬರ್ 21 ಅಥವಾ 22ರಂದು ಪರಿಚಯದವರ ಹಿತ್ತಿಲಿನಿಂದ ಸುಮಾರು 5 ಅಡಿ ಎತ್ತರದ, ಸುತ್ತಲೂ ಸಮನಾಗಿ ಹರಡಿದ ಒಂದು ಕೊಂಬೆಯನ್ನು ಕಡಿದು ತರುತ್ತೇವೆ. ಅದಕ್ಕಿಂತ ಮೊದಲೇ ತಂದರೆ ಹಬ್ಬದ ಹೊತ್ತಿಗೆ ಎಳೆಗಳು ಒಣಗಿ ನೆಲದ ತುಂಬ ಉದುರುತ್ತವೆ, ಮತ್ತು ಒಣಗಿದ ಕೊಂಬೆಯ ಮೇಲೆ ದೀಪ ಉರಿಸುವುದು ಅಪಾಯ. ಹಳೆಯ ಬಕೆಟ್ಟಿನಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಚೂರುಗಳನ್ನು ತುಂಬಿ, ಅವುಗಳ ನಡುವೆ ಕೊಂಬೆಯನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಹೊಯ್ಗೆ (ಮರಳು) ಸುರಿದು ನೀರು ಚಿಮುಕಿಸಿದರೆ ಅದು ಅಲುಗದೆ ನಿಲ್ಲುತ್ತದೆ.

ಮರ ನಿಲ್ಲಿಸುವುದು ಅರ್ಧ ಗಂಟೆಯ ಕೆಲಸ. ದೀಪ ಕಟ್ಟುವುದಕ್ಕೆ ನನಗೆ ಇಡೀ ಸಂಜೆ ಬೇಕು. ಮೊದಲಿನ ಹಲವು ವರ್ಷ ನಾನೂ ಎಲ್ಲರಂತೆ ಸೀರಿಯಲ್ ಸೆಟ್ಟನ್ನು ಕೊಂಬೆಯ ಹೊರಮೈಗೆ ಸುರುಳಿಯಾಗಿ ಸುತ್ತುತ್ತಿದ್ದೆ. ಆಗ ತಂತಿಯೇ ಎದ್ದು ಕಾಣುತ್ತಿತ್ತು. ಮೆದುವಾದ ಹಸಿರು ಎಳೆಗಳು ಅದರಡಿ ಒತ್ತಿಕೊಂಡು, ಹುಲ್ಲಿನ ಹೊರೆಗೆ ಹಗ್ಗ ಬಿಗಿದಂತೆ ತೋರುತ್ತಿತ್ತು. ದೀಪಗಳು ಹೊರಗೇ ಇರಬೇಕೆಂಬ ಅಭ್ಯಾಸ ಮೇಣದ ಬತ್ತಿಯ ಕಾಲದಿಂದ ಬಂದಿರಬೇಕೆಂದು ನನಗೆ ಅನ್ನಿಸುತ್ತದೆ. ಮರಕ್ಕೆ ದೀಪ ಹಚ್ಚುವ ಸಂಪ್ರದಾಯ ಜರ್ಮನ್ ನಾಡಿನದು. ಜರ್ಮನ್ ಮಾತಾಡುವ ಸ್ವಿಸ್ ನಗರ ಬಾಸೆಲ್‌ನಿಂದ 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಸಭೆಯಲ್ಲಿಯೇ ಬೆಳೆದ ನನ್ನ ಅಜ್ಜಿ, ತಮ್ಮ ಬಾಲ್ಯದಲ್ಲಿ ಕೊಂಬೆಯ ತುದಿಗಳಿಗೆ ಸಣ್ಣ ಮೇಣದ ಬತ್ತಿಗಳನ್ನು ಸಿಕ್ಕಿಸುತ್ತಿದ್ದರೆಂದೂ, ಅವು ಉರಿಯುವಷ್ಟು ಹೊತ್ತು ಒಬ್ಬರು ನೀರಿನ ಚೊಂಬು ಹಿಡಿದು ಪಕ್ಕದಲ್ಲಿಯೇ ನಿಂತಿರುತ್ತಿದ್ದರೆಂದೂ ಹೇಳುತ್ತಿದ್ದರು. ಜ್ವಾಲೆಯನ್ನು ಎಲೆಗಳ ನಡುವೆ ಇಡಲಾಗದು, ಆದ್ದರಿಂದ ತುದಿಯೇ ಗತಿ. 1882ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುದ್ದೀಪಗಳನ್ನು ಹಾಕಿದ ಮೇಲೆ ಆ ಕಟ್ಟುಪಾಡು ಉಳಿಯಲಿಲ್ಲ. ಬಲ್ಬನ್ನು ಮರದ ಒಳಗೂ ಇಡಬಹುದು ಎಂಬ ಈ ಸರಳ ಸಂಗತಿ ನನಗೆ ಹೊಳೆಯಲು ಮಾತ್ರ ಬಹಳ ವರ್ಷ ಹಿಡಿಯಿತು.

ಈಗ ನಾನು ಮಾಡುವುದು ಹೀಗೆ. 100 ಬಲ್ಬುಗಳ ಮೂರು ಎಲ್‌ಇಡಿ ಸರಗಳನ್ನು ತೆಗೆದುಕೊಳ್ಳುತ್ತೇನೆ. ತಂತಿ ಹಸಿರು ಬಣ್ಣದ್ದು, ಬೆಳಕು ಹಳದಿ ಛಾಯೆಯದು. ಪ್ಲಗ್ಗಿನ ತುದಿಯನ್ನು ಬುಡದಲ್ಲಿ, ಒದ್ದೆ ಹೊಯ್ಗೆಯಿಂದ ಒಂದು ಗೇಣು ಮೇಲೆ, ನಡುಕಾಂಡಕ್ಕೆ ಕಟ್ಟಿ, ಅಲ್ಲಿಂದ ಕೆಳಗಿನ ಮೊದಲ ರೆಂಬೆಯ ಅಡಿಬದಿಯಲ್ಲಿ ತಂತಿಯನ್ನು ತುದಿಯವರೆಗೆ ಒಯ್ಯುತ್ತೇನೆ. ತುದಿಯಲ್ಲಿ ಒಂದು ಸುತ್ತು ಹಾಕಿ, ಅದೇ ರೆಂಬೆಯ ಮೇಲ್ಬದಿಯಿಂದ ಕಾಂಡದತ್ತ ಮರಳಿ, ಕಾಂಡಕ್ಕೆ ಒಮ್ಮೆ ಸುತ್ತಿ, ಮುಂದಿನ ರೆಂಬೆಗೆ ಹೋಗುತ್ತೇನೆ. ಗಾಳಿ ಮರದ ಎಳೆಗಳು ಕುದುರೆಯ ಬಾಲದ ಕೂದಲಿನಂತೆ ಕೆಳಕ್ಕೆ ಇಳಿಬೀಳುವುದರಿಂದ ತಂತಿ ತಾನಾಗಿ ನಿಲ್ಲುವುದಿಲ್ಲ. ಎರಡು ಬಲ್ಬುಗಳಿಗೊಮ್ಮೆ ಹಸಿರು ಹತ್ತಿ ದಾರದಿಂದ ಸಡಿಲವಾಗಿ ಗಂಟು ಹಾಕಬೇಕಾಗುತ್ತದೆ. ಲೋಹದ ತಂತಿಯನ್ನು ಈ ಕೆಲಸಕ್ಕೆ ಎಂದಿಗೂ ಬಳಸುವುದಿಲ್ಲ. ಕಾಂಡದ ಬಳಿಯ ಬಲ್ಬು ಎಳೆಗಳ ಹಿಂದೆ ಮರೆಯಾಗಿ, ಅದರ ಬೆಳಕು ಮಾತ್ರ ಹಸಿರಿನ ನಡುವಿನಿಂದ ಸೋಸಿ ಬರುವುದನ್ನು ನೋಡಿದವರಿಗೆ ಈ ಶ್ರಮವೆಲ್ಲ ಏಕೆಂದು ಹೇಳಬೇಕಾಗಿಲ್ಲ.

ಕಟ್ಟುವ ಮುನ್ನ ತಂತಿಯನ್ನು ಪರೀಕ್ಷಿಸುವುದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ವರ್ಷ ಅಟ್ಟದಿಂದ ಇಳಿಸಿದ ಸರವನ್ನು ಹಾಗೆಯೇ ಕಟ್ಟಿ ಮುಗಿಸಿ, ಸ್ವಿಚ್ ಹಾಕಿದ ಮೇಲೆ ಒಂದು ಬಲ್ಬನ್ನು ಸರಿಪಡಿಸಲು ಕೈಯಿಟ್ಟಾಗ ಬೆರಳಿನಿಂದ ಮೊಣಕೈಯವರೆಗೆ ಜುಮ್ಮೆಂದಿತು. ಇಲಿ ಕಡಿದ ಜಾಗದಲ್ಲಿ ಅರ್ಧ ಅಂಗುಲದಷ್ಟು ತಾಮ್ರ ಬರಿದಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿಯೇ ಮಗಳು ಗಂಟೆಗಳನ್ನು ಕಟ್ಟುತ್ತ ನಿಂತಿದ್ದಳು. ಅದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಅಂದಿನಿಂದ ಪ್ಲಗ್ ಹಾಕುವ ಮೊದಲು ಸರವನ್ನು ಮೇಜಿನ ಮೇಲೆ ಹರವಿ, ತಂತಿಯನ್ನು ಎರಡು ಬೆರಳುಗಳ ನಡುವೆ ಆದಿಯಿಂದ ಅಂತ್ಯದವರೆಗೆ ಜಾರಿಸಿ ನೋಡುತ್ತೇನೆ. ಗಾಯವಿದ್ದ ಸರವನ್ನು ಟೇಪು ಸುತ್ತಿ ಉಳಿಸಿಕೊಳ್ಳುವುದಿಲ್ಲ, ಎಸೆಯುತ್ತೇನೆ. ಉಳಿದವುಗಳನ್ನು ಅರ್ಧ ಗಂಟೆ ಉರಿಸಿ, ದೀಪಗಳನ್ನು ಮಿನುಗಿಸುವ ಸಣ್ಣ ಡಬ್ಬಿ ಬಿಸಿಯಾಗುತ್ತದೆಯೇ ಎಂದು ಮುಟ್ಟಿ ನೋಡಿದ ಮೇಲೆಯೇ ಮರದ ಹತ್ತಿರ ಒಯ್ಯುವುದು. ಆ ಡಬ್ಬಿಯ ಗುಂಡಿಯನ್ನು ಒತ್ತುತ್ತ ಹೋಗಿ ದೀಪಗಳು ಸ್ಥಿರವಾಗಿ ಉರಿಯುವಂತೆ ಮಾಡುತ್ತೇನೆ, ಏಕೆಂದರೆ ಮಿನುಗುವ ದೀಪ ಅಂಗಡಿಯ ಬಾಗಿಲಿಗೆ ಚೆಂದ, ಮನೆಯೊಳಗಿನ ಮರಕ್ಕಲ್ಲ.

ಅಪ್ಪನ ಕಾಲದ ಸೆಟ್ಟುಗಳ ಕಷ್ಟ ಬೇರೆ ಬಗೆಯದು. ಸುಮಾರು 40 ಬಲ್ಬುಗಳು ಸಾಲಾಗಿ 230 ವೋಲ್ಟನ್ನು ತಲಾ 6 ವೋಲ್ಟಿನಷ್ಟು ಹಂಚಿಕೊಳ್ಳುತ್ತಿದ್ದುದರಿಂದ ಒಂದು ಕೆಟ್ಟರೆ ಇಡೀ ಸರವೇ ಆರುತ್ತಿತ್ತು, ಮತ್ತು ಅಪ್ಪ ಒಂದು ಒಳ್ಳೆಯ ಬಲ್ಬನ್ನು ಹಿಡಿದು ಒಂದೊಂದೇ ಹೋಲ್ಡರಿಗೆ ಹಾಕಿ ತೆಗೆಯುತ್ತ ರಾತ್ರಿ ಹನ್ನೊಂದರವರೆಗೆ ಕೂರುತ್ತಿದ್ದರು.

ಮೂರೂ ಸರಗಳು ಮುಗಿದ ಮೇಲೆ ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಬಾಗಿಲ ಬಳಿ ನಿಂತು ಕಣ್ಣನ್ನು ಅರೆ ಮುಚ್ಚಿ ಮರವನ್ನು ನೋಡುತ್ತೇನೆ. ಹಾಗೆ ನೋಡಿದಾಗ ಬಲ್ಬುಗಳು ಕರಗಿ ಬೆಳಕಿನ ಮುದ್ದೆಗಳಷ್ಟೇ ಉಳಿಯುತ್ತವೆ. ಎಲ್ಲಿ ಕತ್ತಲ ತೂತು ಕಾಣುತ್ತದೆಯೋ ಅಲ್ಲಿಗೆ ಸ್ವಿಚ್ ಆರಿಸಿ ಒಂದೆರಡು ಬಲ್ಬುಗಳನ್ನು ಎಳೆದು ಕಟ್ಟುತ್ತೇನೆ. ಗಂಟೆ, ಬಣ್ಣದ ಗುಂಡು, ತುದಿಯ ನಕ್ಷತ್ರ ಎಲ್ಲವೂ ಇದಾದ ಮೇಲೆ. ಬುಡದಲ್ಲಿಟ್ಟ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಬೇರೆ ದೀಪ ಬೇಕಾಗುವುದಿಲ್ಲ, ಕೆಳಗಿನ ರೆಂಬೆಗಳ ಬೆಳಕೇ ಹುಲ್ಲಿನ ಮೇಲೆ ಬೀಳುತ್ತದೆ.

ರಾತ್ರಿ ಮಲಗುವ ಮುನ್ನ ಪ್ಲಗ್ಗನ್ನೇ ಕಿತ್ತಿಡುತ್ತೇವೆ. ಜನವರಿ 6ರ ಮೂವರು ಜ್ಞಾನಿಗಳ ಹಬ್ಬದ ತನಕ ಮರವನ್ನು ಇಡುವ ಮನೆಗಳಿವೆ, ಆದರೆ ಗಾಳಿ ಮರ ಅಷ್ಟು ದಿನ ಹಸಿಯಾಗಿರದು. ನಾವು ಹೊಸ ವರ್ಷದ ಮರುದಿನವೇ ದಾರಗಳನ್ನು ಕತ್ತರಿಸಿ, ಒಂದೊಂದು ಸರವನ್ನೂ ರಟ್ಟಿನ ತುಂಡಿಗೆ ಸುತ್ತಿ, ಇಲಿ ಹೋಗದಂತೆ ಮುಚ್ಚಳ ಗಟ್ಟಿಯಾಗಿರುವ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಡುತ್ತೇವೆ.